"ರೀಡ್-ಓನ್ಲಿ ಮಾಡಿದ್ದೀವಿ, ಏನೂ ಆಗಲ್ಲ" ಅಂದರೆ ನಂಬಬೇಡಿ

ಮಂಡಿ, ಅಂಗಡಿ, ಸೊಸೈಟಿಗಳಲ್ಲಿ ಲಿನಕ್ಸ್ ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. "ಹಳೇ ಫೈಲೆಲ್ಲಾ ಲಾಕ್ ಮಾಡಿದ್ದೀವಿ, ಯಾರು ಏನ್ ಮಾಡಿದ್ರೂ ಹೋಗಲ್ಲ" ಅಂತ ಸರ್ವಿಸ್‌ನವರು ಹೇಳಿದರೆ, ಏನು ಮಾಡಿದ್ದಾರೆ ಅಂತ ಕೇಳಿ. ರೀಡ್-ಓನ್ಲಿ ಅಂದರೆ ಅದು ಲಾಕೇ ಅಲ್ಲ. ಕೋಲಾರ ಎಪಿಎಂಸಿಯಲ್ಲಿ ನಾನು ಲೆಕ್ಕ ಬರೆಯುವ ಟೊಮೆಟೊ ಮಂಡಿಯಲ್ಲಿ ಆ ಮಾತಿನ ಮೇಲೆ ಇದ್ದುದಕ್ಕೆ 2023ರ ಸೀಸನ್ನಿನ ಲೆಕ್ಕ ಪೂರಾ ಹೋಯಿತು.

2023 ಇಲ್ಲಿ ಯಾರೂ ಮರೆಯುವ ವರ್ಷವಲ್ಲ. ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅಂಥಾ ರೇಟಿನಲ್ಲಿ ಒಬ್ಬ ರೈತನ ಪಟ್ಟಿಯಲ್ಲಿ (ಮಾರಾಟದ ಲೆಕ್ಕದ ಚೀಟಿಯಲ್ಲಿ) ಹತ್ತು ಬಾಕ್ಸು ಹೆಚ್ಚುಕಮ್ಮಿ ಆದರೂ ಜಗಳಕ್ಕೆ ಸಾಕು. ಪ್ರತಿ ಪಟ್ಟಿಯೂ ಪಿಡಿಎಫ್ ಆಗಿ ತಾರೀಕಿನ ಫೋಲ್ಡರಿಗೆ ಹೋಗುತ್ತಿತ್ತು. ಮುಂಗಡದ ಲೆಕ್ಕ ಬೇರೆ ಶೀಟಿನಲ್ಲಿ. ಕಂಪ್ಯೂಟರು ಕೂರಿಸಿಕೊಟ್ಟ ಸರ್ವಿಸ್‌ನವರೇ (ಹೆಸರು ಬೇಡ, ಊರಲ್ಲಿ ಮುಖ ನೋಡಬೇಕು) ವರ್ಷ ಮುಗಿದ ಮೇಲೆ ಬಂದು, ಹಳೇ ಫೋಲ್ಡರಿನ ಫೈಲುಗಳ ಪರ್ಮಿಶನ್ನನ್ನು 444 ಮಾಡಿ, ದುಡ್ಡು ತೆಗೆದುಕೊಂಡು ಹೋದರು. 444 ಅಂದರೆ ಎಲ್ಲರೂ ಓದಬಹುದು, ಯಾರೂ ಬರೆಯುವ ಹಾಗಿಲ್ಲ.

ಮುಂದಿನ ಸೀಸನ್ನಿನಲ್ಲಿ ಡಿಸ್ಕ್ ತುಂಬಿ ಪ್ರಿಂಟು ನಿಂತಿತು. ಹರಾಜು ನಡೆಯುತ್ತಿದೆ, ಹೊರಗೆ ಗಾಡಿಗಳ ಹಾರ್ನು, ಪಟ್ಟಿಗೆ ರೈತರು ಕಾಯುತ್ತಿದ್ದಾರೆ. ಸರ್ವಿಸ್‌ನವರ ಕಡೆಯ ಹುಡುಗ ಬಂದ. ಒಂದೇ ತರದ ಹೆಸರಿನ ಫೋಲ್ಡರುಗಳನ್ನು ನೋಡಿ ಒಂದು ಡೂಪ್ಲಿಕೇಟ್ ಅಂದುಕೊಂಡು ಟರ್ಮಿನಲ್ಲಿನಲ್ಲಿ (ಕಮಾಂಡು ಟೈಪು ಮಾಡುವ ಕಿಟಕಿಯಲ್ಲಿ) ಆರ್‌ಎಂ ಮೈನಸ್ ಆರ್‌ಎಫ್ ಹೊಡೆದ, ಅಂದರೆ ಫೋಲ್ಡರನ್ನು ಒಳಗಿರುವುದರ ಸಮೇತ ಕೇಳದೇ ಅಳಿಸುವ ಕಮಾಂಡು. ಕಂಪ್ಯೂಟರು ಒಂದು ಮಾತೂ ಕೇಳಲಿಲ್ಲ. ಟರ್ಮಿನಲ್ಲಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ. ಪ್ರಿಂಟು ಶುರುವಾಯಿತು, ಎಲ್ಲರಿಗೂ ಖುಷಿ.

ಅದಕ್ಕಿಂತ ಕೆಟ್ಟದ್ದು ರಾತ್ರಿ ಆಯಿತು. ಬ್ಯಾಕಪ್ ಅಂತ ಇನ್ನೊಂದು ಹಾರ್ಡ್ ಡಿಸ್ಕಿಗೆ ದಿನಾ ರಾತ್ರಿ ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಮು ಓಡುತ್ತಿತ್ತು, ಡಿಲೀಟ್ ಆಯ್ಕೆಯ ಸಮೇತ. ಆ ಆಯ್ಕೆಯ ಕೆಲಸವೇ ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಇಲ್ಲವಾಗಿಸುವುದು. ಬೆಳಗಾಗುವಷ್ಟರಲ್ಲಿ ಎರಡೂ ಕಡೆ ಖಾಲಿ. ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿರುವವರು ತಮ್ಮ ಆರ್‌ಸಿಂಕ್ ಸಾಲಿನಲ್ಲಿ ಈ ಆಯ್ಕೆ ಇದೆಯಾ ಎಂದು ಇವತ್ತೇ ನೋಡಿಕೊಳ್ಳಿ.

ಗೊತ್ತಾಗಿದ್ದು ಶ್ರೀನಿವಾಸಪುರದ ಕಡೆಯ ರೈತರೊಬ್ಬರು ಹಳೇ ಮುಂಗಡದ ವಿಷಯಕ್ಕೆ ಬಂದಾಗ. ಹುಡುಕಿದೆವು, ಫೋಲ್ಡರೇ ಇಲ್ಲ. "ಏನಪ್ಪಾ, ನಿಮ್ ಕಂಪ್ಯೂಟ್ರಲ್ಲಿ ಇಲ್ಲ ಅಂದ್ರೆ ನಾನ್ ಕಟ್ಟಿದ್ದೇ ಸುಳ್ಳಾ?" ಎಂದು ಗೊಬ್ಬರದಂಗಡಿಯ ಕವರಿನಿಂದ ಮಡಿಚಿಟ್ಟ ಪಟ್ಟಿಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ನಮ್ಮ ಪಟ್ಟಿ ಬರುವುದು ಥರ್ಮಲ್ ಪ್ರಿಂಟರಿನಲ್ಲಿ, ಶಾಖಕ್ಕೆ ಕಪ್ಪಾಗುವ ಕಾಗದ. ಬಿಸಿಲು, ಬೆವರು ತಗುಲಿ ಅಕ್ಷರ ಕಂದಿಹೋಗಿತ್ತು. ಹೆಸರು ಅರ್ಧ ಕಾಣುತ್ತದೆ, ಮೊತ್ತ ಇರುವ ಕಡೆ ಬರೀ ಬೂದು ಗೆರೆ. ನಮ್ಮ ಯಜಮಾನರು ಆ ದಿನ ಅವರು ಹೇಳಿದ್ದಕ್ಕೇ ಒಪ್ಪಿದರು. ಎಲ್ಲರ ವಿಷಯದಲ್ಲೂ ಹಾಗೆ ಮಾಡಲು ಆಗುತ್ತದಾ?

ಸರ್ವಿಸ್‌ನವರ ಉತ್ತರ ಕೇಳಿ: "ಲಾಕ್ ಮಾಡಿದ್ವಿ ಸಾರ್, ನಿಮ್ಮೋರೇ ಯಾರೋ ಬಿಚ್ಚಿರಬೇಕು." ಬಿಚ್ಚುವುದಕ್ಕೆ ಅಲ್ಲೇನೂ ಇರಲಿಲ್ಲ. ಲಿನಕ್ಸಿನಲ್ಲಿ ಫೈಲನ್ನು ಅಳಿಸುವುದು ಎಂದರೆ ಫೋಲ್ಡರಿನಲ್ಲಿರುವ ಹೆಸರಿನ ಪಟ್ಟಿಯಿಂದ ಆ ಹೆಸರನ್ನು ಹೊಡೆದು ಹಾಕುವುದು. ಹಾಗಾಗಿ ಬೇಕಾಗುವುದು ಫೋಲ್ಡರಿಗೆ ಬರೆಯುವ ಅಧಿಕಾರ. ಫೈಲಿನ ಮೇಲೆ 444 ಇದೆಯೋ 644 (ಫೈಲಿನ ಮಾಲೀಕ ಬರೆಯಬಹುದು) ಇದೆಯೋ ಅದಕ್ಕೆ ಲೆಕ್ಕವಿಲ್ಲ. ಬರೀ ಆರ್‌ಎಂ ಕೊಟ್ಟರೆ "ಇದು ರೈಟ್-ಪ್ರೊಟೆಕ್ಟೆಡ್, ಅಳಿಸಲಾ?" ಎಂದು ಮರ್ಯಾದೆಗೆ ಒಂದು ಮಾತು ಕೇಳುತ್ತದೆ. ಎಫ್ ಸೇರಿಸಿದರೆ ಅದೂ ಇಲ್ಲ. ಫೋಲ್ಡರಿನ ಬರೆಯುವ ಅಧಿಕಾರವನ್ನೂ ತೆಗೆದಿದ್ದರೆ ಸಾಮಾನ್ಯ ಬಳಕೆದಾರನನ್ನು ತಡೆಯಬಹುದಿತ್ತು, ಸೂಡೋ ಹಾಕಿದವನನ್ನು, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಕಮಾಂಡು ಕೊಟ್ಟವನನ್ನು, ಅದೂ ತಡೆಯುವುದಿಲ್ಲ. ವಿಂಡೋಸಿನ ರೀಡ್-ಓನ್ಲಿ ಟಿಕ್ ನಂಬಿಕೊಂಡವರಿಗೂ ಇದೇ ಮಾತು, ಎಕ್ಸ್‌ಪ್ಲೋರರಿನಲ್ಲಿ ಡಿಲೀಟ್ ಒತ್ತಿದರೆ ಅದೂ ಹೋಗುತ್ತದೆ.

ರಿಕವರಿ ಕಥೆ ಚಿಕ್ಕದು. ಮುಖ್ಯ ಡಿಸ್ಕು ಎಸ್‌ಎಸ್‌ಡಿ. ನಮ್ಮಲ್ಲಿರುವ ಲಿನಕ್ಸ್ ಉಬುಂಟು, ಅದು ವಾರಕ್ಕೊಮ್ಮೆ ತಾನಾಗಿಯೇ ಟ್ರಿಮ್ ಮಾಡುತ್ತದೆ, ಅಂದರೆ ಖಾಲಿಯಾದ ಜಾಗವನ್ನು ಒರೆಸಿಕೊಳ್ಳಬಹುದು ಎಂದು ಡಿಸ್ಕಿಗೆ ಹೇಳಿಬಿಡುತ್ತದೆ. ಅಲ್ಲಿ ಏನೂ ಸಿಗಲಿಲ್ಲ. ಬ್ಯಾಕಪ್ಪಿನ ಹಾರ್ಡ್ ಡಿಸ್ಕಿನಿಂದ ಫೋಟೋರೆಕ್ ಎಂಬ ರಿಕವರಿ ಪ್ರೋಗ್ರಾಮು ಒಂದಷ್ಟು ಪಿಡಿಎಫ್ ಎತ್ತಿತು, ಆದರೆ ಹೆಸರೂ ಇಲ್ಲ, ಫೋಲ್ಡರೂ ಇಲ್ಲ, ಬರೀ ನಂಬರು. ಒಂದೊಂದನ್ನೇ ತೆರೆದು ಯಾರ ಪಟ್ಟಿ ಎಂದು ನೋಡುವ ಕೆಲಸ ಇನ್ನೂ ನಡೆದಿದೆ.

ಈಗ ನಿಜವಾದ ಲಾಕಿನ ವಿಷಯ. ಎಕ್ಸ್ಟ್-4ರಂಥ ಲಿನಕ್ಸ್ ಫೈಲ್ ಸಿಸ್ಟಮ್‌ಗಳಲ್ಲಿ (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಪದ್ಧತಿಗಳಲ್ಲಿ) ಪರ್ಮಿಶನ್ ಅಲ್ಲದೆ ಆಟ್ರಿಬ್ಯೂಟ್ ಎಂಬುದೊಂದಿದೆ. ಅದನ್ನು ಹಾಕುವ ಕಮಾಂಡು ಚ್ಯಾಟರ್. ಟೈಪು ಮಾಡುವಾಗ ಸಿ, ಎಚ್, ಎ, ಎರಡು ಟಿ, ಆರ್. ಸೂಡೋ ಜೊತೆ ಪ್ಲಸ್ ಐ ಕೊಟ್ಟರೆ ಆ ಫೈಲನ್ನು ಅಳಿಸಲು, ತಿದ್ದಲು, ಹೆಸರು ಬದಲಿಸಲು ಆಗುವುದಿಲ್ಲ, ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೂ ಆಗುವುದಿಲ್ಲ. "ಆಪರೇಶನ್ ನಾಟ್ ಪರ್ಮಿಟೆಡ್" ಎಂದು ಮುಖಕ್ಕೆ ಹೊಡೆದ ಹಾಗೆ ಬರುತ್ತದೆ. ಫೋಲ್ಡರಿನ ಒಳಗಿರುವುದಕ್ಕೆಲ್ಲ ಹಾಕಲು ದೊಡ್ಡ ಆರ್ ಸೇರಿಸಬೇಕು. ಬರೀ ಫೋಲ್ಡರಿಗೆ ಹಾಕಿದರೆ ಒಳಗಿನ ಫೈಲು ಅಳಿಸುವುದು ತಪ್ಪುತ್ತದೆ, ಆದರೆ ತೆರೆದು ಒಳಗಿನ ಅಂಕಿ ತಿದ್ದುವುದು ತಪ್ಪುವುದಿಲ್ಲ. ಹಾಕಿದ್ದಾರಾ ಎಂದು ತಿಳಿಯಲು ಎಲ್‌ಎಸ್‌ಆಟರ್ ಕಮಾಂಡು (ಎಲ್, ಎಸ್, ಎ, ಎರಡು ಟಿ, ಆರ್) ಕೊಡಿ, ಗೆರೆಗಳ ನಡುವೆ ಐ ಅಕ್ಷರ ಕಾಣಬೇಕು. ಕಾಣದಿದ್ದರೆ ಬಾಯಲ್ಲಿ ಏನು ಹೇಳಿದರೂ ಲಾಕ್ ಇಲ್ಲ.

ನಡೆಯುತ್ತಿರುವ ವರ್ಷದ ಫೋಲ್ಡರಿಗೆ ಐ ಹಾಕಿದರೆ ಕೆಲಸ ನಿಲ್ಲುತ್ತದೆ. ಪಟ್ಟಿಗಳ ಫೋಲ್ಡರಿಗೆ ನಾನು ಈಗ ಪ್ಲಸ್ ಎ ಹಾಕಿದ್ದೇನೆ. ಫೋಲ್ಡರಿನ ಮೇಲೆ ಎ ಇದ್ದರೆ ಹೊಸ ಫೈಲು ಸೇರಿಸಬಹುದು, ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಹೆಸರು ಬದಲಿಸುವ ಹಾಗಿಲ್ಲ. ಪಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಮೊದಲು ತಾತ್ಕಾಲಿಕ ಫೈಲು ಬರೆದು ಆಮೇಲೆ ಹೆಸರು ಬದಲಿಸುವ ಪ್ರೋಗ್ರಾಮುಗಳು ಇಲ್ಲಿ ಮುಗ್ಗರಿಸುತ್ತವೆ; ಆರ್‌ಸಿಂಕ್ ಮಾಡುವುದೂ ಅದನ್ನೇ. ಮುಂಗಡದ ಶೀಟಿಗೆ ಇದು ಒಗ್ಗುವುದಿಲ್ಲ, ಅದಕ್ಕೆ ತಾರೀಕು ಹಾಕಿದ ನಕಲುಗಳೇ ಗತಿ. ಚ್ಯಾಟರ್ ಕಮಾಂಡಿನ ಮ್ಯಾನುಯಲ್ಲಿನಲ್ಲಿ ಯು ಎಂಬ ಇನ್ನೊಂದು ಅಕ್ಷರ ಕಾಣುತ್ತದೆ, ಅಳಿಸಿದರೂ ವಾಪಸು ತರಬಹುದು ಎಂಬ ಅರ್ಥದಲ್ಲಿ. ಆಸೆಪಡಬೇಡಿ, ಎಕ್ಸ್ಟ್-4 ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೂಡೋ ಪಾಸ್‌ವರ್ಡ್ ಇದ್ದವನು ಮೈನಸ್ ಐ ಕೊಟ್ಟು ಲಾಕ್ ತೆಗೆಯಬಹುದು. ಕೈತಪ್ಪಿನಿಂದ ಉಳಿಸುತ್ತದೆ, ಬೇಕೆಂದೇ ಮಾಡುವವನಿಂದ ಅಲ್ಲ. ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ, ಕೆಟ್ಟರೆ, ಕಳುವಾದರೆ ಇದರಿಂದ ಪ್ರಯೋಜನವಿಲ್ಲ. ನಮ್ಮ ಮಂಡಿಯಲ್ಲಿ ಸರ್ವಿಸ್‌ಗೆ ಬರುವವರಿಗೆ ಈಗ ಪಾಸ್‌ವರ್ಡ್ ಕೊಡುವುದಿಲ್ಲ, ನಾನೇ ಪಕ್ಕದಲ್ಲಿ ಕೂತು ಹಾಕುತ್ತೇನೆ. ಅವರಿಗೆ ಬೇಜಾರಾಗುತ್ತದೆ, ಆಗಲಿ.

ಹೊಸ ಕಂಪ್ಯೂಟರು ತಂದು ಫೈಲು ಕಾಪಿ ಮಾಡುವವರು ಗಮನಿಸಿ: ಈ ಆಟ್ರಿಬ್ಯೂಟ್ ಕಾಪಿಯ ಜೊತೆ ಬರುವುದಿಲ್ಲ, ಅಲ್ಲಿ ಮತ್ತೆ ಹಾಕಬೇಕು. ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್-32 ಎಂಬ ಫೈಲ್ ಸಿಸ್ಟಮ್‌ನಲ್ಲಿ ಹಾಕಲು ಹೋದರೆ ಎರರ್ ಬರುತ್ತದೆ. ನಮ್ಮ ಹಳೇ ವರ್ಷಗಳ ನಕಲು ಇರುವ ಪೆನ್‌ಡ್ರೈವು ಅದಕ್ಕೇ ಯಜಮಾನರ ಮನೆಯ ಬೀರುವಿನಲ್ಲಿದೆ, ಅದರ ಬೀಗದ ಕೈ ಅಮ್ಮನವರ ಹತ್ತಿರ.