ಎದೆಯುರಿಗೆ ನಾಲ್ಕು ಔಷಧ: ಯಾವುದು ಯಾವಾಗ ಕೆಲಸ ಮಾಡಿತು

ಕಳೆದ ಒಂದೂವರೆ ವರ್ಷದಲ್ಲಿ ಎದೆಯುರಿಗೆ ನಾಲ್ಕು ಥರದ ಔಷಧ ತೆಗೆದುಕೊಂಡೆ. ಗುಲಾಬಿ ಬಣ್ಣದ ಸಿರಪ್, ಪ್ಯಾಂಟೊಪ್ರಜೋಲ್ ಮಾತ್ರೆ, ಅದಕ್ಕೇ ಡೊಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್, ಆಮೇಲೆ ಫ್ಯಾಮೊಟಿಡಿನ್. ಬೆಂಗಳೂರಿನಲ್ಲಿ ಇವೆಲ್ಲಕ್ಕೂ ನಾವು ಇಟ್ಟಿರುವ ಹೆಸರು ಒಂದೇ: ಗ್ಯಾಸ್ಟ್ರಿಕ್ ಮಾತ್ರೆ. ಮೆಡಿಕಲ್ ಶಾಪ್‌ನಲ್ಲಿ "ಗ್ಯಾಸ್ಟ್ರಿಕ್‌ಗೆ ಏನಾದ್ರೂ ಕೊಡಿ" ಅಂದರೆ ಈ ನಾಲ್ಕರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಅದು ತಿಳಿಯುವಷ್ಟರಲ್ಲಿ ಎಷ್ಟೋ ರಾತ್ರಿ ನಿದ್ದೆ ಹೋಗಿತ್ತು.

ನನ್ನ ಕೆಲಸ ವೈಟ್‌ಫೀಲ್ಡ್‌ನಲ್ಲಿ, ಮನೆ ಹನುಮಂತನಗರದಲ್ಲಿ. ಮನೆ ಸೇರುವಾಗ ಒಂಬತ್ತೂವರೆ. ಉಂಡು ಹತ್ತೂವರೆಗೆ ಮಲಗಿದರೆ ಒಂದು ಗಂಟೆಗೆ ಎಚ್ಚರ. ಗಂಟಲವರೆಗೆ ಹುಳಿನೀರು, ಎದೆಯ ಮಧ್ಯೆ ಕೆಂಡ ಇಟ್ಟ ಹಾಗೆ.

ಮೊದಲು ಹಿಡಿದದ್ದು ಸಿರಪ್. ಡೈಜೀನ್, ಜೆಲುಸಿಲ್ ಥರದ್ದು. ಎರಡು ಚಮಚ ಕುಡಿದರೆ ಹತ್ತು ನಿಮಿಷದಲ್ಲಿ ಉರಿ ಇಳಿಯುತ್ತಿತ್ತು. ಬೇಗ ಆರಾಮ ಕೊಡುವುದರಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಆದರೆ ಮೂರು ಗಂಟೆಗೆ ಮತ್ತೆ ಎದ್ದು ಕೂರುತ್ತಿದ್ದೆ. ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ಅದು ತಣಿಸುತ್ತದೆ, ಅಷ್ಟೇ. ಹೊಸದಾಗಿ ಬರುವುದನ್ನು ತಡೆಯುವುದಿಲ್ಲ. ಇನ್ನೊಂದು ಮಾತು. ಇದರಲ್ಲಿರುವ ಮೆಗ್ನೀಷಿಯಂ ಕೆಲವರಿಗೆ ಭೇದಿ ಮಾಡಿಸುತ್ತದೆ, ಅಲ್ಯುಮಿನಿಯಂ ಮಲಬದ್ಧತೆ ಮಾಡಿಸುತ್ತದೆ. ಕಬ್ಬಿಣದ ಮಾತ್ರೆ ಅಥವಾ ಕೆಲವು ಆ್ಯಂಟಿಬಯೋಟಿಕ್ ಜೊತೆಗೇ ಕುಡಿದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡು ಗಂಟೆಯಾದರೂ ಅಂತರ ಇರಲಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಲೇಬಾರದು.

ಆಮೇಲೆ ಪ್ಯಾಂಟೊಪ್ರಜೋಲ್, 40 ಮಿಲಿಗ್ರಾಂ. ಡಾಕ್ಟರು ಬರೆದುಕೊಟ್ಟದ್ದು. ನಾನು ತಿಂಡಿ ಆದಮೇಲೆ, ಬೂಟು ಹಾಕಿಕೊಳ್ಳುವ ಮುಂಚೆ ನುಂಗುತ್ತಿದ್ದೆ. ಮೂರು ವಾರ ನುಂಗಿದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಮಾತ್ರೆ ನನಗೆ ಆಗಿಬರುವುದಿಲ್ಲ ಅಂತ ಹೇಳಲು ಮತ್ತೆ ಡಾಕ್ಟರ ಹತ್ತಿರ ಹೋದೆ.

"ತಿಂಡಿಗೆ ಎಷ್ಟು ಹೊತ್ತು ಮುಂಚೆ ತಗೊಳ್ತೀರಿ?"

"ತಿಂಡಿ ಆದ್ಮೇಲೆ ತಗೊಳ್ತೀನಿ ಡಾಕ್ಟ್ರೇ."

"ಅಲ್ಲೇ ತಪ್ಪಿರೋದು" ಅಂದು ಚೀಟಿಯ ಹಿಂಬದಿಯಲ್ಲಿ ಹೊಟ್ಟೆಯ ಚಿತ್ರ ಬರೆದರು. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪ್‌ಗಳಿವೆ. ನಾವು ಊಟಕ್ಕೆ ಕೂತಾಗ ಅವು ಜೋರಾಗಿ ಕೆಲಸ ಶುರು ಮಾಡುತ್ತವೆ. ಹಾಗೆ ಓಡುತ್ತಿರುವ ಪಂಪನ್ನು ಮಾತ್ರ ಈ ಮಾತ್ರೆ ಮುಚ್ಚಬಲ್ಲದು. ಔಷಧ ರಕ್ತದಲ್ಲಿರುವುದು ಕೆಲವೇ ಗಂಟೆ. ಹಾಗಾಗಿ ತಿಂಡಿಗೆ ಮುಂಚೆಯೇ ಅದು ರಕ್ತಕ್ಕೆ ಸೇರಿ ಕಾಯುತ್ತಿರಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ಖಾಲಿ ಹೊಟ್ಟೆಗೆ, ನೀರಿನ ಜೊತೆ. ಮುರಿಯಬಾರದು, ಅಗಿಯಬಾರದು. ಮೇಲಿನ ಲೇಪ ಒಡೆದರೆ ಔಷಧ ಕರುಳು ಸೇರುವ ಮೊದಲೇ ಆಮ್ಲಕ್ಕೆ ಸಿಕ್ಕಿ ಹಾಳಾಗುತ್ತದೆ.

ಮಾರನೆಯ ದಿನದಿಂದ ಆರೂವರೆಗೆ ಮಾತ್ರೆ, ಏಳೂ ಕಾಲಿಗೆ ಇಡ್ಲಿ. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಎರಡನೆಯ ದಿನವೂ ಇಲ್ಲ. ಪಂಪ್‌ಗಳೆಲ್ಲ ಒಂದೇ ಸಲ ಮುಚ್ಚುವುದಿಲ್ಲವಲ್ಲ, ಪೂರ್ತಿ ಹಿಡಿತಕ್ಕೆ ಬರಲು ಕೆಲವು ದಿನ ಬೇಕು. ನಾಲ್ಕನೆಯ ರಾತ್ರಿ ಮಲಗಿದವಳು ಬೆಳಿಗ್ಗೆ ಹಾಲಿನವನ ಬೆಲ್ಲಿಗೇ ಎದ್ದದ್ದು. ಅದೇ ಮಾತ್ರೆ, ಅದೇ ಅಳತೆ. ಬದಲಾದದ್ದು ಹೊತ್ತು ಮಾತ್ರ.

ಮೂರನೆಯ ಔಷಧದ ವಿಷಯ ಬರೆಯುವಾಗ ಈಗಲೂ ಬೇಸರವಾಗುತ್ತದೆ. ಒಂದು ಸಲ ಮಾತ್ರೆ ಮುಗಿದಾಗ, ಚೀಟಿ ಕೇಳದೆ ಅಂಗಡಿಯವರು "ಇದು ಇನ್ನೂ ಸ್ಟ್ರಾಂಗು, ತಗೊಳ್ಳಿ" ಅಂತ ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ಕೊಟ್ಟರು. ಹೊಟ್ಟೆ ಉಬ್ಬರ, ವಾಂತಿ ಬರುವ ಹಾಗಾಗುವುದು ಇದರಲ್ಲಿ ಚೆನ್ನಾಗಿ ಕಡಿಮೆಯಾಯಿತು, ನಿಜ. ಎದೆಯುರಿಯಲ್ಲಿ ಮಾತ್ರ ಬರೀ ಪ್ಯಾಂಟೊಪ್ರಜೋಲ್‌ಗಿಂತ ಜಾಸ್ತಿ ಲಾಭವೇನೂ ನನಗೆ ಕಾಣಲಿಲ್ಲ. ಅದರಲ್ಲಿರುವುದು ಆಮ್ಲ ಕಡಿಮೆ ಮಾಡುವ ಇನ್ನೊಂದು ಔಷಧವಲ್ಲ, ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುವ ಔಷಧ. ಅದು ಕೆಲವರಲ್ಲಿ ಎದೆಬಡಿತದ ಲಯ ಕೆಡಿಸಬಹುದು. 2014ರಲ್ಲೇ ಯುರೋಪಿನ ಔಷಧ ಸಂಸ್ಥೆ, ದಿನಕ್ಕೆ ಒಟ್ಟು 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಬೇಡ ಅಂತ ಹೇಳಿದೆ. ನನ್ನ ಕೈಯಲ್ಲಿದ್ದ ಒಂದೇ ಕ್ಯಾಪ್ಸೂಲಿನಲ್ಲಿ 30 ಮಿಲಿಗ್ರಾಂ ಇತ್ತು. ನಾನು ಅದನ್ನು ಐದು ವಾರ ನುಂಗಿದ್ದೆ. ಹೃದಯದ ತೊಂದರೆ ಇರುವವರು, ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಅಥವಾ ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ತೆಗೆದುಕೊಳ್ಳುತ್ತಿರುವವರು ಇದನ್ನು ಸುಮ್ನೆ ಕೊಂಡು ನುಂಗುವ ಹಾಗೇ ಇಲ್ಲ. ಸ್ಟ್ರಿಪ್ಪಿನ ಬದಿಯಲ್ಲಿ ಕೆಂಪು ಗೆರೆ ಇರುವುದು ಅದಕ್ಕೇ ಅಲ್ವಾ? ಚೀಟಿ ಇಲ್ಲದೆ ಕೊಡಬಾರದು, ನಾವೂ ಕೇಳಬಾರದು.

ಫ್ಯಾಮೊಟಿಡಿನ್ ನಾಲ್ಕನೆಯದು. ಇದೂ ಆಮ್ಲ ಬರುವುದನ್ನು ಕಡಿಮೆ ಮಾಡುವ ಮಾತ್ರೆ, ನಮ್ಮ ಅಪ್ಪಂದಿರ ಕಾಲದ ರಾನಿಟಿಡಿನ್‌ನ ಬಳಗದ್ದೇ. ರಾನಿಟಿಡಿನ್‌ನಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶ ಸಿಕ್ಕಿ, 2020ರಲ್ಲಿ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದು ಹೊರಬಿತ್ತು. ಫ್ಯಾಮೊಟಿಡಿನ್ ನನಗೆ ರಾತ್ರಿಯ ಉರಿಗೆ ಒಗ್ಗಿತು. ಒಂದು ಗಂಟೆಯೊಳಗೆ ಗುಣ ಗೊತ್ತಾಗುತ್ತದೆ, ಹೆಚ್ಚುಕಡಿಮೆ ಬೆಳಗಿನವರೆಗೆ ಇರುತ್ತದೆ. ಆದರೆ ದಿನಾ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ಮೈ ಅದಕ್ಕೆ ಹೊಂದಿಕೊಂಡು ಶಕ್ತಿ ಕುಂದುತ್ತದೆ. ನನಗೂ ಹಾಗೇ ಆಯಿತು.

ಹಾಗಾದರೆ ಯಾವುದು ಮೇಲು? ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ಉರಿ ಬರುವವರಿಗೆ, ಡಾಕ್ಟರು ಹೇಳಿದಷ್ಟು ದಿನ, ಸರಿಯಾದ ಹೊತ್ತಿಗೆ ತೆಗೆದುಕೊಂಡ ಪ್ಯಾಂಟೊಪ್ರಜೋಲ್ ಅಂತ ನನ್ನ ಅಭಿಪ್ರಾಯ. ಎಂದೋ ಒಂದು ದಿನ ಅವರೆಕಾಯಿ ಮೇಳದಲ್ಲಿ ಜಾಸ್ತಿ ತಿಂದು ಬಂದವರಿಗೆ ಸಿರಪ್ ಸಾಕು.

ಪ್ಯಾಂಟೊಪ್ರಜೋಲ್ ನಿಲ್ಲಿಸುವಾಗಲೂ ನಾನು ಒಂದು ಪೆಟ್ಟು ತಿಂದೆ. ಎಂಟು ವಾರ ಮುಗಿಸಿ ಒಮ್ಮೆಲೇ ಬಿಟ್ಟಾಗ, ಮೊದಲಿಗಿಂತ ಜೋರಾಗಿ ಉರಿ ಬಂತು. ಕಾಯಿಲೆ ಮರಳಿತು ಅಂದುಕೊಂಡೆ. ಅಷ್ಟು ದಿನ ಮುಚ್ಚಿಟ್ಟ ಪಂಪ್‌ಗಳು ತೆರೆದಾಗ ಆಮ್ಲ ಸ್ವಲ್ಪ ಕಾಲ ಹೆಚ್ಚಾಗಿಯೇ ಬರುತ್ತದಂತೆ. ಅದಕ್ಕೆ ಹೆದರಿ ಮತ್ತೆ ಮಾತ್ರೆ ಹಿಡಿದವರು ವರ್ಷಗಟ್ಟಲೆ ಬಿಡುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಷಿಯಂ ಇಳಿಯಬಹುದು, ಮೂಳೆ ದುರ್ಬಲವಾಗಬಹುದು. ಡಾಕ್ಟರು ಹೇಳಿದಂತೆ ನಾನು ದಿನ ಬಿಟ್ಟು ದಿನ ತೆಗೆದುಕೊಂಡು, ನಡುವೆ ಸಿರಪ್ ಕುಡಿದು, ಮೂರು ವಾರದಲ್ಲಿ ಬಿಟ್ಟೆ. ಮಂಚದ ತಲೆದಿಕ್ಕಿನ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟೆ. ಊಟವನ್ನು ಆಫೀಸಿನಲ್ಲೇ ಏಳಕ್ಕೆ ಮುಗಿಸುತ್ತೇನೆ. ಆಸ್ಪಿರಿನ್ ಅಥವಾ ನೋವಿನ ಮಾತ್ರೆ ದಿನಾ ನುಂಗುವವರಿಗೆ, ಹೊಟ್ಟೆಯಲ್ಲಿ ಹುಣ್ಣಾಗಿದ್ದವರಿಗೆ ಪ್ಯಾಂಟೊಪ್ರಜೋಲ್ ದೀರ್ಘಕಾಲ ಬೇಕಾಗಬಹುದು. ಅಂಥವರು ನನ್ನ ಮಾತು ಕೇಳಿ ಬಿಡಬೇಡಿ.

ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಪ್ಯಾಂಟೊಪ್ರಜೋಲ್ ಬಳಗದ್ದೇ ಆದ ಒಮೆಪ್ರಜೋಲ್, ಎಸೊಮೆಪ್ರಜೋಲ್ ನುಂಗುವ ಮುಂಚೆ ಹೃದಯದ ಡಾಕ್ಟರನ್ನು ಕೇಳಲೇಬೇಕು. ರಕ್ತ ಹೆಪ್ಪುಗಟ್ಟದಂತೆ ಕಾಯುವ ಆ ಮಾತ್ರೆಯ ಶಕ್ತಿಯನ್ನು ಇವು ಕುಗ್ಗಿಸುತ್ತವೆ. ಮಲ ಟಾರಿನಂತೆ ಕಪ್ಪಾದರೆ, ನುಂಗಲು ಕಷ್ಟವಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಈ ನಾಲ್ಕರಲ್ಲಿ ಯಾವುದನ್ನೂ ನಂಬಿ ಕೂರಬೇಡಿ. ಎದೆನೋವಿನ ಜೊತೆ ಬೆವರು ಕಿತ್ತುಕೊಂಡು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ, ಸಿರಪ್ ಹುಡುಕುತ್ತಾ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ.

ಈಗ ನಮ್ಮ ಅಮ್ಮನಿಗೂ ಪ್ಯಾಂಟೊಪ್ರಜೋಲ್ ಶುರುವಾಗಿದೆ. ಅವರಿಗೆ ಥೈರಾಯ್ಡ್ ಮಾತ್ರೆಯೂ ಖಾಲಿ ಹೊಟ್ಟೆಗೇ. ಹೊಟ್ಟೆಯ ಆಮ್ಲ ಇಳಿದರೆ ಆ ಮಾತ್ರೆ ಸರಿಯಾಗಿ ಹತ್ತದೇ ಇರಬಹುದು ಅಂತ ಡಾಕ್ಟರು ಎಚ್ಚರಿಸಿದ್ದಾರೆ. ಎಂಟು ವಾರದ ಕೊನೆಯ ದಿನಾಂಕವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ, ಅದರ ಪಕ್ಕದಲ್ಲೇ ಥೈರಾಯ್ಡ್ ರಕ್ತಪರೀಕ್ಷೆಯ ದಿನವನ್ನೂ.