ರೆಪ್ಪೆ ಬೇಗ ಕೆರಳುವವರಿಗೆ ಯಾವ ಐಶ್ಯಾಡೋ ಪ್ಯಾಲೆಟ್? ನಾಲ್ಕು ಬಗೆ ಹಚ್ಚಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಾಲ್ಕರಲ್ಲಿ ನನಗೆ ಒಗ್ಗಿದ್ದು ನೋಡೋಕೆ ಎಲ್ಲಕ್ಕಿಂತ ಸಪ್ಪೆಯಾಗಿದ್ದ ಕಂದು ಬಣ್ಣಗಳ ಮ್ಯಾಟ್, ಅಂದರೆ ಹೊಳಪಿಲ್ಲದ, ಪ್ಯಾಲೆಟ್. 'ಸೂಕ್ಷ್ಮ ಚರ್ಮಕ್ಕೆ' ಅಂತ ದೊಡ್ಡದಾಗಿ ಬರೆದುಕೊಂಡಿದ್ದ ಪ್ಯಾಲೆಟ್ ಅಲ್ಲ. ಐಶ್ಯಾಡೋ ಹಚ್ಚಿದರೆ ತುರಿಕೆ ಬರುತ್ತೆ ಅಂದರೆ ಸಾಕು, 'ಹಾಗಾದ್ರೆ ಹಚ್ಚಲೇಬೇಡಿ' ಅನ್ನೋರೇ ಜಾಸ್ತಿ. ಅದರಿಂದ ಯಾರಿಗೂ ಉಪಯೋಗವಿಲ್ಲ. ಹಚ್ಚಿಕೊಳ್ಳೋ ಆಸೆ ಇರುವವರಿಗೆ ಯಾವುದು ಆಗುತ್ತೆ, ಯಾವುದು ಆಗಲ್ಲ, ಯಾಕೆ ಅಂತ ತಿಳಿಯಬೇಕು ಅಲ್ವಾ?

ನನ್ನ ಚರ್ಮದ ಬಗ್ಗೆ ಎರಡು ಮಾತು. ಸುವಾಸನೆ ಇರುವ ಕ್ರೀಮ್ ತಾಗಿದರೆ ಕೆನ್ನೆ ಉರಿಯುತ್ತದೆ, ರೆಪ್ಪೆ ಒಣಗಿ ಸಿಪ್ಪೆ ಏಳುತ್ತದೆ. ರೆಪ್ಪೆಯ ಚರ್ಮ ಇಡೀ ಮೈಯಲ್ಲೇ ತೆಳು, ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕೈ ಮೇಲೆ ಸುಮ್ನೆ ಕೂತಿರುವ ಪುಡಿ ಅಲ್ಲಿ ರಂಪ ಮಾಡಬಹುದು. ಹಾಗಾಗಿ ಕೈ ಮೇಲೆ ಒಂದು ಗೆರೆ ಎಳೆದು ನೋಡಿದರೆ ಬಣ್ಣ ಹೇಗಿದೆ ಅಂತ ಗೊತ್ತಾಗುತ್ತೆ, ಅಲರ್ಜಿ ಗೊತ್ತಾಗಲ್ಲ.

ನಾಲ್ಕಕ್ಕೂ ಒಂದೇ ಕ್ರಮ ಇಟ್ಟುಕೊಂಡೆ. ಮೊದಲು ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಸಲ, ಒಂದು ವಾರ ಹಚ್ಚೋದು. ಚರ್ಮದ ವೈದ್ಯರು ಮನೆಯಲ್ಲೇ ಮಾಡಿ ನೋಡಲು ಹೇಳುವ ಪರೀಕ್ಷೆ ಇದು. ಅಲ್ಲಿ ಏನೂ ಆಗದಿದ್ದರೆ ಆಮೇಲೆ ಒಂದು ಕಣ್ಣಿಗೆ ಮಾತ್ರ, ಒಂದೇ ಬಣ್ಣ. ಇನ್ನೊಂದು ಕಣ್ಣು ಖಾಲಿ ಇದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹಚ್ಚಿದ ಕೂಡಲೇ ಚುರುಚುರು ಅಂದರೆ ಅದು ಚರ್ಮ ಕೆರಳಿದ್ದು. ಅಲರ್ಜಿ ಸಾಮಾನ್ಯವಾಗಿ ನಿಧಾನ, ಒಂದೆರಡು ದಿನ ಬಿಟ್ಟು ತಲೆ ಎತ್ತುತ್ತದೆ, ಅಷ್ಟರಲ್ಲಿ ನೀವು ಬೇರೆ ಏನೋ ಹಚ್ಚಿ ತಪ್ಪನ್ನೆಲ್ಲ ಅದರ ಮೇಲೆ ಹಾಕಿರುತ್ತೀರಿ. ಅದಕ್ಕೇ ಈ ದಿನಗಳಲ್ಲಿ ಹೊಸ ಶಾಂಪೂ, ಹೊಸ ಉಗುರು ಬಣ್ಣ ಯಾವುದೂ ಬೇಡ. ಉಗುರು ಬಣ್ಣದ ಅಲರ್ಜಿ ಉಗುರಿಗಿಂತ ಮೊದಲು ರೆಪ್ಪೆಯಲ್ಲಿ ಕಾಣಿಸಿಕೊಳ್ಳೋದು ತುಂಬ ಸಾಮಾನ್ಯ. ಆ ಬೆರಳಲ್ಲೇ ಕಣ್ಣು ಉಜ್ಜಿಕೊಳ್ಳುತ್ತೇವಲ್ಲ.

ಮೊದಲನೆಯದು ಸೂಕ್ಷ್ಮ ಚರ್ಮಕ್ಕೆ ಅಂತ ಬರೆದುಕೊಂಡಿದ್ದ 'ಹೈಪೋಅಲರ್ಜೆನಿಕ್' (ಅಲರ್ಜಿ ಮಾಡೋದು ಕಮ್ಮಿ ಅನ್ನುವ ಅರ್ಥದ) ಪ್ಯಾಲೆಟ್. ತಿಳಿ ಬಣ್ಣಗಳು, ಪುಡಿ ನುಣ್ಣಗಿದೆ, ಉದುರೋದು ಕಮ್ಮಿ. ಕೆನೆ ಬಣ್ಣ, ಬೂದು ಬಣ್ಣ ಎರಡೂ ಆರಾಮ. ಗುಲಾಬಿ ಹಚ್ಚಿದ ಮಾರನೇ ದಿನ ರೆಪ್ಪೆಯ ಮಡಿಕೆ ಕೆಂಪಗಾಗಿ ತುರಿಸಿತು. ಡಬ್ಬಿ ತಿರುಗಿಸಿದರೆ ಸಿಐ 75470 ಅಂತ ಇತ್ತು (ಸಿಐ ಅಂದರೆ ಕಲರ್ ಇಂಡೆಕ್ಸ್, ಪ್ರತಿ ಬಣ್ಣಕ್ಕೂ ಕೊಡುವ ಸಂಖ್ಯೆ). ಅದು ಕಾರ್ಮೈನ್, ಕೊಚಿನೀಲ್ ಅನ್ನುವ ಪುಟ್ಟ ಕೀಟಗಳಿಂದ ತೆಗೆಯುವ ಕೆಂಪು. ಅದು ಆಗದವರು ಇದ್ದಾರೆ, ನನಗೂ ಅದರ ಮೇಲೇ ಅನುಮಾನ. ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಹೈಪೋಅಲರ್ಜೆನಿಕ್ ಅಂತ ಬರೆಯಬೇಕಾದರೆ ಪರೀಕ್ಷೆ ಮಾಡಿ ತೋರಿಸಿ ಅಂತ ಅಮೆರಿಕದ ಆಹಾರ, ಔಷಧಿ, ಸೌಂದರ್ಯವರ್ಧಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1975ರಲ್ಲಿ ನಿಯಮ ತಂದಿತ್ತು. ಕಂಪನಿಗಳು ಕೋರ್ಟಿಗೆ ಹೋದವು, 1977ರಲ್ಲಿ ಆ ನಿಯಮ ಬಿದ್ದುಹೋಯಿತು. ಅಲ್ಲಿ ಇವತ್ತಿಗೂ ಆ ಮಾತಿಗೆ ಕಾನೂನಿನ ಅರ್ಥ ಇಲ್ಲ. ಅದನ್ನು ನಂಬಿ ಡಬ್ಬಿಯ ಹಿಂಭಾಗ ಓದದೇ ಇರೋದು ಸರಿಯಲ್ಲ.

ಎರಡನೆಯದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಿಯಾನ್ ಬಣ್ಣಗಳು, ಗಿಣಿ ಹಸಿರು, ಕಣ್ಣು ಕುಕ್ಕುವ ಗುಲಾಬಿ. ಹೆಸರು ಐಶ್ಯಾಡೋ ಅಲ್ಲ, 'ಪ್ರೆಸ್ಡ್ ಪಿಗ್ಮೆಂಟ್'. ಕಣ್ಣಿನ ಸುತ್ತ ಬಳಸಲು ಅಮೆರಿಕದಲ್ಲಿ ಅನುಮತಿ ಇಲ್ಲದ ಬಣ್ಣ ಒಳಗಿದ್ದಾಗ ಈ ಹೆಸರಲ್ಲಿ ಮಾರುತ್ತಾರೆ, 'ಕಣ್ಣಿನ ಸುತ್ತ ಬಳಸಬೇಡಿ' ಅಂತ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಉದಾಹರಣೆಗೆ ಸಿಐ 15850 ಅನ್ನುವ ಕೆಂಪು. ಯುರೋಪಿನಲ್ಲಿ ಇದಕ್ಕೆ ಅನುಮತಿ ಇದೆ, ಹಾಗಾಗಿ ವಿಷ ಅಂತ ಹೆದರಬೇಕಿಲ್ಲ. ಆದರೆ ಮೊಣಕೈ ತೊಳೆದ ಮೇಲೂ ಗುಲಾಬಿ ಕಲೆ ಹಾಗೇ ಉಳಿದಿದ್ದು ನೋಡಿ ನಾನು ಅದನ್ನು ಕಣ್ಣಿನ ಹತ್ತಿರ ತರಲೇ ಇಲ್ಲ.

ಮೂರನೆಯದು ಶಿಮ್ಮರ್. ಬಿಟ್ಟುಕೊಡಲು ಮನಸ್ಸೇ ಬರದಷ್ಟು ಚೆಂದ, ಬೆಳಕು ಬಿದ್ದ ಕಡೆ ತಾಮ್ರ, ಪಕ್ಕಕ್ಕೆ ತಿರುಗಿದರೆ ಹಸಿರು. ಮೊಣಕೈ ಪರೀಕ್ಷೆಯಲ್ಲಿ ಏನೂ ಆಗಲಿಲ್ಲ, ರೆಪ್ಪೆಗೆ ಹಚ್ಚಿದ ಸ್ವಲ್ಪ ಹೊತ್ತಿಗೇ ಚುಚ್ಚಿದ ಹಾಗೆ ಅನ್ನಿಸತೊಡಗಿತು. ಇದು ಅಲರ್ಜಿಯಲ್ಲ, ಉಜ್ಜಾಟ. ಹೊಳಪು ಕೊಡುವ ಮೈಕಾ ಅಂದರೆ ಅಭ್ರಕದ ಚಪ್ಪಟೆ ಚೂರುಗಳು. ಚೂರು ದೊಡ್ಡದಾದಷ್ಟು ಮಿಂಚು ಜಾಸ್ತಿ, ತರಚೋದೂ ಜಾಸ್ತಿ. ಪ್ಲಾಸ್ಟಿಕ್ ಗ್ಲಿಟರ್ ಇನ್ನೂ ಒರಟು, ಕಣ್ಣಿನೊಳಗೆ ಬಿದ್ದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೇ (ಕಾರ್ನಿಯಾ) ಗೀರು ಬೀಳಬಹುದು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ಮರೆತುಬಿಡಿ. ಆದರೂ ಈ ಪ್ಯಾಲೆಟ್ ಪೂರ್ತಿ ಸೋತಿಲ್ಲ. ಬ್ರಷ್ ಬಿಟ್ಟು ತೇವದ ಬೆರಳಿನಿಂದ ರೆಪ್ಪೆಯ ನಡುಭಾಗಕ್ಕೆ ಮಾತ್ರ ಒತ್ತಿದೆ, ರೆಪ್ಪೆಗೂದಲ ಸಾಲು ಮತ್ತು ಒಳಮೂಲೆ ಎರಡನ್ನೂ ಬಿಟ್ಟೆ. ಆಗ ಪುಡಿ ಉದುರಲಿಲ್ಲ, ಚುಚ್ಚೋದೂ ನಿಂತಿತು. ತೆಗೆಯೋದೇ ಕಷ್ಟ. ಎಣ್ಣೆಯಂಥ ಕ್ಲೆನ್ಸರ್ ನೆನೆಸಿದ ಹತ್ತಿಯನ್ನು ಸ್ವಲ್ಪ ಹೊತ್ತು ರೆಪ್ಪೆ ಮೇಲೆ ಇಟ್ಟುಕೊಂಡು, ಆಮೇಲೆ ಕೆಳಮುಖವಾಗಿ ಒಂದೇ ಸಲ ಸರಿಸಬೇಕು. ತಿಕ್ಕಿದರೆ ಆ ಚೂರುಗಳೇ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತವೆ.

ಇನ್ನು ಕಂದು ಮ್ಯಾಟ್. ಇಟ್ಟಿಗೆ, ಕಾಫಿ, ಮಣ್ಣಿನ ಬಣ್ಣ, ಒಂದು ಕಪ್ಪು. ಬಣ್ಣವೆಲ್ಲ ಐರನ್ ಆಕ್ಸೈಡ್‌ಗಳಿಂದ ಬಂದಿದ್ದು, ಸಿಐ 77491, 77492, 77499. ಕ್ರಮವಾಗಿ ಕೆಂಪು, ಹಳದಿ, ಕಪ್ಪು, ಮೂರನ್ನೂ ಹದವಾಗಿ ಬೆರೆಸಿದರೆ ಎಷ್ಟು ಬಗೆಯ ಕಂದು ಬೇಕೋ ಅಷ್ಟು ಸಿಗುತ್ತದೆ. ಇವುಗಳಿಂದ ಅಲರ್ಜಿ ಆಗೋದು ಅಪರೂಪ. ಸುವಾಸನೆ ಇಲ್ಲ, ಕಾರ್ಮೈನ್ ಇಲ್ಲ, ಪದಾರ್ಥಗಳ ಪಟ್ಟಿ ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕದು. ಮೊಣಕೈ ಸುಮ್ಮನಿತ್ತು, ಕಣ್ಣೂ ಸುಮ್ಮನಿತ್ತು, ಎರಡೂ ಕಣ್ಣಿಗೆ ಹಚ್ಚಿ ಸಂಜೆವರೆಗೆ ಇಟ್ಟುಕೊಂಡರೂ ರೆಪ್ಪೆ ಇದ್ದ ಹಾಗೇ ಇತ್ತು. ಎಷ್ಟು ಖುಷಿಯಾಯಿತು ಅಂದರೆ, ಕನ್ನಡಿ ಮುಂದೆ ನಿಂತು ಸುಮ್ನೆ ಕಣ್ಣು ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದೆ.

ಕೊರತೆ ಇಲ್ಲ ಅಂತಲ್ಲ. ಒಣ ರೆಪ್ಪೆ ಮೇಲೆ ಮ್ಯಾಟ್ ಪುಡಿ ತೇಪೆ ತೇಪೆಯಾಗಿ ಕೂರುತ್ತದೆ, ಸಿಪ್ಪೆ ಎದ್ದ ಜಾಗಕ್ಕೆ ಅಂಟಿಕೊಂಡು ಅದನ್ನೇ ಎತ್ತಿ ತೋರಿಸುತ್ತದೆ. ಅದನ್ನು ಸರಿಮಾಡಲು ಬ್ರಷ್ ತಿರುಗಿಸುತ್ತಾ ಹೋದರೆ ಆ ತಿಕ್ಕಾಟಕ್ಕೇ ರೆಪ್ಪೆ ಕೆಂಪಗಾಗುತ್ತದೆ, ಬಯ್ಗುಳ ಮಾತ್ರ ಪ್ಯಾಲೆಟ್‌ಗೆ. ನಾನು ಮೊದಲು ಸುವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಿ, ಪೂರ್ತಿ ಹೀರಿದ ಮೇಲೆ ಮೆತ್ತನೆಯ ದೊಡ್ಡ ಬ್ರಷ್‌ನಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಕೂರಿಸುತ್ತೇನೆ. ಅಂಚು ಮಸುಕು ಮಾಡೋಕೆ ಮಾತ್ರ ಎರಡು ಸಲ ಆಡಿಸುತ್ತೇನೆ. ಪ್ಯಾಲೆಟ್ ಜೊತೆ ಬರುವ ಸ್ಪಂಜಿನ ಕಡ್ಡಿಯನ್ನು ಎಸೆದುಬಿಡಿ. ಅದು ಎಳೆಯುತ್ತೆ, ಕೊಳೆಯನ್ನೂ ಹಿಡಿದಿಡುತ್ತೆ.

ಕ್ರೀಮ್ ಐಶ್ಯಾಡೋಗಳನ್ನು ಈ ಹೋಲಿಕೆಗೆ ಬೇಕೆಂದೇ ಸೇರಿಸಿಲ್ಲ. ನೀರಿನ ಅಂಶ ಇದ್ದರೆ ಕೆಡದಂತೆ ಇಡುವ ಪದಾರ್ಥಗಳೂ ಹೆಚ್ಚು ಬೇಕು, ಕೆಲವದರಲ್ಲಿ ಕೆಲವರಿಗೆ ಆಗದ ಲ್ಯಾನೋಲಿನ್ (ಕುರಿ ಉಣ್ಣೆಯಿಂದ ತೆಗೆಯುವ ಜಿಡ್ಡು) ಕೂಡ ಇರುತ್ತದೆ. ಅದನ್ನು ಬೇರೆಯಾಗೇ ನೋಡಬೇಕು.

ಕೊಳ್ಳುವ ಮೊದಲು ಪಟ್ಟಿಯ ಕೊನೆಯಲ್ಲಿರುವ 'ಇರಬಹುದು' (ಇಂಗ್ಲಿಷಿನಲ್ಲಿ 'May contain') ಅನ್ನುವ ಭಾಗ ನೋಡಿ. ಇಡೀ ಪ್ಯಾಲೆಟ್‌ನ ಬಣ್ಣಗಳನ್ನು ಅಲ್ಲಿ ಒಟ್ಟಿಗೆ ತುಂಬಿರುತ್ತಾರೆ, ಯಾವ ಬಣ್ಣದ ಅಚ್ಚಿನಲ್ಲಿ (ಪ್ಯಾನ್) ಯಾವುದು ಅಂತ ತಿಳಿಯಲ್ಲ. ಬಣ್ಣಗಳು ಕಮ್ಮಿ ಇರುವ ಪುಟ್ಟ ಪ್ಯಾಲೆಟ್ ನನಗೆ ಇಷ್ಟವಾಗೋದು ಇದಕ್ಕೇ, ಏನಾದರೂ ಆದರೆ ಕಾರಣ ಹುಡುಕೋದು ಸುಲಭ. ರೆಪ್ಪೆ ಊದಿಕೊಂಡರೆ ಅಥವಾ ತುರಿಕೆ ಮತ್ತೆ ಮತ್ತೆ ಬಂದರೆ ಮನೆ ಪರೀಕ್ಷೆ ನಿಲ್ಲಿಸಿ ಚರ್ಮದ ವೈದ್ಯರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆಗೆ ಒಮ್ಮೆ, 96 ಗಂಟೆಯ ಹೊತ್ತಿಗೆ ಇನ್ನೊಮ್ಮೆ ನೋಡುತ್ತಾರೆ. ಹೋಗುವಾಗ ಪ್ಯಾಲೆಟ್ ಜೊತೆ ಅದರ ರಟ್ಟಿನ ಡಬ್ಬಿಯನ್ನೂ ಒಯ್ಯಿರಿ, ಪದಾರ್ಥಗಳ ಪಟ್ಟಿ ಎಷ್ಟೋ ಸಲ ಅದರ ಮೇಲೆ ಮಾತ್ರ ಇರುತ್ತದೆ.