ನ್ಯಾಯಬೆಲೆ ಅಂಗಡಿ: ಹೊಟ್ಟೆ ತುಂಬುತ್ತದೆ, ಪೋಷಣೆ ಅರ್ಧಕ್ಕೇ ನಿಲ್ಲುತ್ತದೆ

ಪ್ರಮಾಣದ ವಿಷಯದಲ್ಲಿ ನ್ಯಾಯಬೆಲೆ ಅಂಗಡಿಯ ಪಡಿತರ ಸೇವೆಗೆ ಒಳ್ಳೆಯ ಅಂಕ ಕೊಡಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ (ಕಡುಬಡವ) ಕುಟುಂಬಕ್ಕೆ ಒಟ್ಟು 35 ಕೆಜಿ ಧಾನ್ಯ. 2023ರ ಜನವರಿಯಿಂದ ಇದು ಪೂರ್ತಿ ಉಚಿತ.

ತೊಡಕು ಬರುವುದು ಹೆಬ್ಬೆಟ್ಟಿನಲ್ಲಿ. ಕೂಲಿ ಮಾಡಿ ಸವೆದ, ವಯಸ್ಸಾಗಿ ಒಣಗಿದ ಬೆರಳಿನ ಗೆರೆಗಳನ್ನು ಯಂತ್ರ ಓದುವುದಿಲ್ಲ. ಬೆರಳನ್ನು ತೊಳೆದು ಒರೆಸಿ, ಬೇರೆ ಬೆರಳು ಕೊಟ್ಟು ನೋಡಿ. ಆಗದಿದ್ದರೆ ಓಟಿಪಿ ಕೇಳಿ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಇ-ಕೆವೈಸಿ (ಆಧಾರ್ ಮೂಲಕ ಗುರುತು ದೃಢೀಕರಣ) ಬಾಕಿಯಿದ್ದರೆ ಆ ಸದಸ್ಯರ ಪಾಲು ನಿಲ್ಲಬಹುದು, ಮೊದಲು ಅದನ್ನು ಮುಗಿಸಿ. ತೂಕಕ್ಕೆ ಮುನ್ನ ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ, ರಸೀದಿ ಬಿಡಬೇಡಿ.

ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆಯಿರುವ ಕಾಳು ಕಂಡರೆ 'ಪ್ಲಾಸ್ಟಿಕ್' ಎಂದು ಆರಿಸಿ ಎಸೆಯುವವರಿದ್ದಾರೆ. ದಯವಿಟ್ಟು ಎಸೆಯಬೇಡಿ! ಅದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿದ ಸಾರವರ್ಧಿತ ಕಾಳು. ಸಾರವರ್ಧಿತ ಅಕ್ಕಿಯಲ್ಲಿ 100 ಕಾಳಿಗೆ ಒಂದರಂತೆ ಇದು ಸೇರಿರುತ್ತದೆ. ಗಂಜಿ ಬಸಿಯದೆ ಬೇಯಿಸುವುದೇ ಲೇಸು.

ಆದರೆ ಈ ಅಂಗಡಿಯಲ್ಲಿ ಕಾಯ್ದೆ ಕೊಡುವ ಹಕ್ಕು ಧಾನ್ಯಕ್ಕಷ್ಟೇ. ಬೇಳೆ, ಎಣ್ಣೆ ಆಯಾ ರಾಜ್ಯದ ಮನಸ್ಸಿಗೆ ಬಿಟ್ಟದ್ದು. ತರಕಾರಿ, ಹಣ್ಣಿನ ಖರ್ಚು ಮನೆಯವರ ಮೇಲೆಯೇ. ನಮ್ಮ ಪ್ರಕಾರ ಅತಿ ದೊಡ್ಡ ಕೊರತೆ ಇದೇ.